ಆಮೆನ್ ಅಂದುಬಿಟ್ಟ ಮೇಲೆ

ಟ್ಯೂನಿಸ್ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೋದ ಹಾಗೆ ನನ್ನ ನಾಲಿಗೆ ನನ್ನ ಮಾತನ್ನೇ ಕೇಳುವುದಿಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಸೂಪಿನ ಪಾತ್ರೆ ಹಿಡಿದು ಬರುವವನು ಅವನೇ. ನಮ್ಮ ಚರ್ಚಿನ ಸಭೆಯ ಹಿರಿಯರಲ್ಲಿ ಅವನಷ್ಟು ಚೆನ್ನಾಗಿ ಪ್ರಾರ್ಥನೆ ಮಾಡುವವರು ಇನ್ನೊಬ್ಬರಿಲ್ಲ. ನನ್ನ ಅಣ್ಣನಿಗೆ ಅದೇ ಮುಳುವಾಯಿತು.

ಅಣ್ಣ ಲುಬ್ಬರ್ಟ್ ಮೀನುಗಾರ. ಅತ್ತಿಗೆ ತೀರಿಹೋದ ಮೇಲೆ ಅವನೂ ಮಗ ವೀಬೆಯೂ ಇಬ್ಬರೇ ದೋಣಿಯಲ್ಲಿ ಹೋಗುತ್ತಿದ್ದರು. ಪಕ್ಕದ ಮನೆಯ ವಿಧವೆ ನಾನು, ಇಬ್ಬರಿಗೂ ಬೇಯಿಸಿ ಹಾಕುತ್ತಿದ್ದೆ. ಅಕ್ಟೋಬರಿನಲ್ಲಿ ಒಂದು ದಿನ ದೋಣಿ ಬಂತು, ವೀಬೆ ಬರಲಿಲ್ಲ. ಬಲೆ ಎಳೆಯುವಾಗ ಅಲೆ ಹೊತ್ತೊಯ್ದಿತು ಎಂದು ಅಣ್ಣ ಬಂದರಿನಲ್ಲಿ ಹೇಳಿದ. ಅದಾದ ಮೇಲೆ ಆ ದಿನದ ಬಗ್ಗೆ ಅವನು ಬಾಯಿ ಬಿಡಲಿಲ್ಲ.

ಊರು ಸುಮ್ಮನಿರಲಿಲ್ಲ. ಬಂದವರೆಲ್ಲ ಒಂದೊಂದು ಬೈಬಲ್ ವಚನ, ಒಂದೊಂದು ಕೇಕು ತಂದರು. "ಹುಡುಗ ಈಗ ಚಳಿಯಿಲ್ಲದ ಜಾಗದಲ್ಲಿದ್ದಾನೆ ಬಿಡಿ," ಎಂದಳು ಬೇಕರಿಯವಳು. ಅಣ್ಣ ತಲೆಯಾಡಿಸಿದ. ಅವನು ದೋಣಿ ಬಿಟ್ಟ, ಅರ್ಧ ಊಟ ಬಿಟ್ಟ. ನಮ್ಮಲ್ಲಿ ಊಟಕ್ಕೆ ಮೊದಲು ಮನೆಯ ಯಜಮಾನ ಗಟ್ಟಿಯಾಗಿ ಪ್ರಾರ್ಥಿಸಬೇಕು. ಅವನು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ, ಕೊನೆಗೆ "ಆಮೆನ್" ಎಂಬುದೊಂದೇ ಹೊರಗೆ ಬರುತ್ತಿತ್ತು.

"ನಂಗಾದ್ರೂ ಹೇಳೋ ಅಣ್ಣ," ಎಂದೆ ಒಮ್ಮೆ.

"ನಿಂಗೆ ಹೇಳಿದ್ರೆ ನೀನು ಅಳ್ತೀಯ, ಫೆಮಿ. ಆಮೇಲೆ ನಿನ್ನ ಸಮಾಧಾನ ಮಾಡೋ ಕೆಲಸ ನನ್ನ ತಲೆಗೆ ಬೀಳತ್ತೆ."

ನನಗೆ ಕೋಪ ಮೂಗಿನ ತುದಿಯಲ್ಲಿ, ಅಳು ಅದರ ಪಕ್ಕದಲ್ಲೇ.

ನವೆಂಬರಿನಲ್ಲಿ ಮನೆಭೇಟಿ ಶುರುವಾಯಿತು. ವರ್ಷಕ್ಕೊಮ್ಮೆ ಇಬ್ಬರು ಹಿರಿಯರು ಕಪ್ಪು ಕೋಟು ತೊಟ್ಟು ಮನೆಮನೆಗೆ ಬಂದು ಆತ್ಮದ ಕ್ಷೇಮ ವಿಚಾರಿಸುತ್ತಾರೆ. ಟ್ಯೂನಿಸ್‌ನನ್ನು ಹಿರಿಯನನ್ನಾಗಿ ಮಾಡಿದ ದಿನ ಮುದಿ ಪಾದ್ರಿಗಳು, "ಹೋದ ಮನೆಗೆ ಕ್ರಿಸ್ತನ ಕಿವಿಯಾಗಿ ಹೋಗು. ತಾಳ್ಮೆಯಿಂದ ಕೇಳದವನು ಪ್ರೀತಿಸಿದ್ದೇನೆ ಅನ್ನಬಾರದು," ಎಂದಿದ್ದರು. ಅಣ್ಣನಿಗೆ ಆ ಮಾತು ನೆನಪಿತ್ತು.

"ಅವತ್ತಿಂದು ಅವರಿಗೆ ಹೇಳ್ತೀನಿ," ಎಂದ ಅವನು, ಹಿರಿಯರು ಬರಬೇಕಿದ್ದ ದಿನ ಬೆಳಿಗ್ಗೆ, ಗಡ್ಡ ಕೆರೆದುಕೊಳ್ಳುತ್ತ. "ಹೊಟ್ಟೇಲಿ ಇಟ್ಕೊಂಡು ಬದುಕಕ್ಕೆ ಆಗ್ತಿಲ್ಲ. ನೀನೂ ಕೂತಿರು. ಆದ್ರೆ ಬಾಯಿ ಹಾಕ್ಬೇಡ."

"ಹಾಕಲ್ಲ ಮಾರಾಯ."

ಎಷ್ಟೋ ದಿನದ ಮೇಲೆ ಅವತ್ತು ಅವನು ತಟ್ಟೆ ಖಾಲಿ ಮಾಡಿದ. ನಾನು ಅಡುಗೆಮನೆಗೆ ಹೋಗಿ ದೇವರಿಗೆ ವಂದನೆ ಹೇಳಿದೆ. ಇದು ಹೊರಗೆ ಬಂದರೆ ಅಣ್ಣ ಉಳಿದುಕೊಳ್ಳುತ್ತಾನೆ ಎಂದು ನನಗೆ ಖಂಡಿತ ಅನಿಸಿತ್ತು.

ಸಂಜೆ ಟ್ಯೂನಿಸ್ ಬಂದ. ಜೊತೆಗೆ ಇನ್ನೊಬ್ಬ ಹಿರಿಯ, ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುವ ಕೋಬುಸ್. ಕೋಟು ಎಷ್ಟು ಕೊಡವಿದರೂ ಅವನ ಜೊತೆ ಹಾವುಮೀನಿನ ವಾಸನೆಯೂ ಭೇಟಿಗೆ ಬರುತ್ತದೆ. ಕಾಫಿ ಕೊಟ್ಟೆ, ಒಬ್ಬೊಬ್ಬರಿಗೆ ಒಂದೊಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದೆ. ಇನ್ನೊಂದು ಕೊಡುವುದು ನಮ್ಮಲ್ಲಿ ಜಂಬ. ಕಿವಿ ಕೊಡುವುದಕ್ಕೂ ಈ ಊರಲ್ಲಿ ಅದೇ ಅಳತೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಟ್ಯೂನಿಸ್ ಬೈಬಲಿನಿಂದ ಒಂದು ಕೀರ್ತನೆ ಓದಿದ. ಆಮೇಲೆ, "ಹೇಗಿದ್ದೀರಿ ಸಹೋದರರೇ?" ಎಂದ.

ಅಣ್ಣ ಎರಡೂ ಕೈ ಮೇಜಿನ ಮೇಲಿಟ್ಟ. "ಅವತ್ತು ನಾನು ಚುಕ್ಕಾಣಿ ಹಿಡಿದಿದ್ದೆ," ಎಂದ.

"ಚುಕ್ಕಾಣಿ ಯಾವಾಗ್ಲೂ ಕರ್ತನ ಕೈಯಲ್ಲೇ ಇರತ್ತೆ," ಎಂದ ಟ್ಯೂನಿಸ್.

"ಹೌದು. ವೀಬೆ ಹಿಂದೆ ಬಲೆ ಹತ್ರ ಇದ್ದ." ಅಣ್ಣ ತಡೆದು ಉಸಿರು ತೆಗೆದುಕೊಂಡ. "ಅವನು ಕರೆದ. ನಂಗೆ ಕೇಳಿಸ್ತು. ಬೆಳಿಗ್ಗೆ ನಮಗಿಬ್ರಿಗೂ ಮಾತಿಗೆ ಮಾತು ಬೆಳೆದಿತ್ತು, ಅದಕ್ಕೆ ನಾನು... ಕೇಳಿಸಿದ್ರೂ ನಾನು..."

ಮಾತು ಅಲ್ಲಿಗೆ ನಿಂತಿತು. ಕೋಬುಸ್ ಬಟ್ಟಲು ಕೆಳಗಿಟ್ಟ. ಅಣ್ಣನ ಬಾಯಿ ತೆರೆದೇ ಇತ್ತು. ಇನ್ನೊಂದು ಗಳಿಗೆ ಯಾರೂ ಮಾತಾಡದೆ ಇದ್ದಿದ್ದರೆ ಸಾಕಿತ್ತು.

ಟ್ಯೂನಿಸ್‌ನ ಕಣ್ಣಲ್ಲಿ ನೀರು ತುಂಬಿತು. ಅವನಿಗೆ ತಡೆಯಲಾಗಲಿಲ್ಲ. "ಸಾಕು ಸಹೋದರರೇ, ನೋವು ಕೆದಕ್ಕೋಬೇಡಿ. ಆ ಕರೆ ಕರ್ತನಿಗೂ ಕೇಳಿಸಿತ್ತು. ಬನ್ನಿ, ಎಲ್ಲಾ ಆತನ ಮುಂದೆ ಇಡೋಣ," ಎಂದು ಅಣ್ಣನ ಕೈ ಹಿಡಿದು ಕಣ್ಣು ಮುಚ್ಚಿದ.

ಪ್ರಾರ್ಥನೆಯ ನಡುವೆ ಬಾಯಿ ಹಾಕುವವರು ನಮ್ಮ ಊರಲ್ಲಿ ಹುಟ್ಟಿಲ್ಲ. ನಾನೂ ತಲೆ ತಗ್ಗಿಸಿದೆ, ಆದರೆ ಮೇಜಿನ ಕೆಳಗೆ ಟ್ಯೂನಿಸ್‌ನ ಮೊಣಕಾಲಿಗೆ ಒದೆಯಬೇಕು ಎನಿಸಿತು. ಟ್ಯೂನಿಸ್ ಅಣ್ಣನ ಪರವಾಗಿ ಎಲ್ಲವನ್ನೂ ದೇವರಿಗೆ ವಿವರಿಸಿದ, ಆ ದಿನ ತಾನೇ ದೋಣಿಯಲ್ಲಿದ್ದ ಹಾಗೆ. "ಕರ್ತನೇ, ಈ ತಂದೆ ಮಗನ ಕೂಗು ಕೇಳಿ ಓಡಿ ಬಂದ, ಉಳಿಸಲು ಕೈಲಾದದ್ದನ್ನೆಲ್ಲ ಮಾಡಿದ, ಇದನ್ನು ನೀನು ಬಲ್ಲೆ," ಎಂದ. ಬಹಳ ಚೆನ್ನಾಗಿತ್ತು. "ಆಮೆನ್," ಎಂದ ಕೋಬುಸ್. "ಆಮೆನ್," ಎಂದೆ ನಾನು. ಹುಟ್ಟಿದಾಗಿನಿಂದ ಬಂದ ಅಭ್ಯಾಸ ಎಲ್ಲಿಗೆ ಹೋಗುತ್ತದೆ, ಅಣ್ಣನೂ ಅಂದುಬಿಟ್ಟ.

ಪ್ರಾರ್ಥನೆ ಮುಗಿದರೆ ಭೇಟಿ ಮುಗಿದಂತೆ. ಇಬ್ಬರೂ ಎದ್ದು ಕೋಟು ಹಾಕಿಕೊಂಡರು. ಬಾಗಿಲ ಹತ್ತಿರ ಕೋಬುಸ್ ಮೆಲ್ಲಗೆ, "ಅವರು ಏನೋ ಹೇಳಕ್ಕೆ ಹೊರಟಿದ್ರು ಕಣೋ," ಎಂದ.

"ಅದಕ್ಕೇ ತಾನೇ ಪ್ರಾರ್ಥನೆ ಮಾಡಿದ್ದು?" ಎಂದ ಟ್ಯೂನಿಸ್. ನನ್ನ ಕೈ ಹಿಡಿದು, "ಆಶೀರ್ವಾದದ ಸಂಜೆ, ಫೆಮಿ ಅಕ್ಕ," ಎಂದು ಮೂಗು ಒರೆಸಿಕೊಳ್ಳುತ್ತ ಹೋದ. ನಿಜವಾಗಿ ಅತ್ತಿದ್ದ, ಪಾಪ. ಬೈಯುವುದಕ್ಕೂ ಅವನು ದಾರಿ ಬಿಡಲಿಲ್ಲ.

ನಾನು ಒಳಗೆ ಬಂದು ಅಣ್ಣನ ಎದುರು ಕೂತೆ. "ಈಗ ನಂಗೆ ಹೇಳು. ಅಳಲ್ಲ. ಮಧ್ಯೆ ಮಾತಾಡಲ್ಲ."

"ಕೇಳಿದ್ಯಲ್ಲ, ಓಡಿ ಬಂದೆನಂತೆ." ಅವನು ಮೇಜಿನ ಮೇಲಿನ ಬಿಸ್ಕತ್ತಿನ ಪುಡಿಯನ್ನು ಅಂಗೈಗೆ ಬಳಿದುಕೊಂಡ. "ದೇವರ ಮುಂದೆ ಸುಳ್ಳು ಹೇಳಾಯ್ತು. ನಾನೂ ಆಮೆನ್ ಅಂದುಬಿಟ್ಟೆ. ಇನ್ನು ಯಾರಿಗೆ ಹೇಳ್ಲಿ, ಫೆಮಿ?"

ಅವತ್ತಿನಿಂದ ದಿನವೂ ಮಧ್ಯಾಹ್ನ ಹೋಗಿ ಅವನ ಜೊತೆ ಕೂರುತ್ತೇನೆ. ಏನೂ ಕೇಳುವುದಿಲ್ಲ, ವಚನ ಹೇಳುವುದಿಲ್ಲ, ಅಳುವುದಿಲ್ಲ. ಈ ನಾಲಿಗೆಯನ್ನು ಕಟ್ಟಿಹಾಕಲು ನಾನು ಪಟ್ಟ ಪಾಡು ನನಗೇ ಗೊತ್ತು. ಅಷ್ಟೆಲ್ಲ ತಾಳ್ಮೆ ಕಲಿತೆ, ಆದರೆ ಕೇಳುವುದಕ್ಕೆ ಅವನಲ್ಲಿ ಮಾತೇ ಉಳಿದಿರಲಿಲ್ಲ.

ನಿನ್ನೆ ಆಲೂಗಡ್ಡೆ, ಹುರಿದ ಮೀನು ಬಡಿಸಿದೆ. ಅಣ್ಣ ಕಣ್ಣು ಮುಚ್ಚಿದ, ನಾನೂ ಮುಚ್ಚಿದೆ. ಅವನ ಆಮೆನ್‌ಗೆ ಕಾದೆ. ಆಲೂಗಡ್ಡೆಯ ಹಬೆ ಮುಖಕ್ಕೆ ಬಡಿಯುತ್ತಿದ್ದದ್ದು ನಿಂತಿತು, ಆಮೆನ್ ಬರಲಿಲ್ಲ. ಕೊನೆಗೆ ಕಣ್ಣು ತೆರೆದು ನೋಡಿದರೆ ಅವನು ಯಾವಾಗಲೋ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತ ಕೂತಿದ್ದ.

"ಊಟ ಮಾಡು, ತಣ್ಣಗಾಗತ್ತೆ," ಎಂದ. "ಆಮೆನ್ ಅನ್ನೋದನ್ನ ನಾನು ಬಿಟ್ಟೆ."