ಪೆದ್ದ ಆವು

ನನಗೆ ಮೂರು ಭಾಷೆ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಡೆದ ಫಜೀತಿಗೆಲ್ಲ ಈ ಜಂಬವೇ ಕಾರಣ. ರಾಬರ್ಟ್‌ಸನ್‌ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡವಳಿಗೆ ಕನ್ನಡ, ತಮಿಳು, ತೆಲುಗು ಮೂರೂ ಬರದಿದ್ದರೆ ಬೆಳಗ್ಗೆ ಷಟರ್ ಎತ್ತುವುದೇ ದಂಡ. 'ನಗಬೇಡಿ' ಅನ್ನುವುದನ್ನು ನಾನು ಮೂರರಲ್ಲೂ ಗದರಿಸಿ ಹೇಳಬಲ್ಲೆ.

ಹೆಸರು ಶಶಿರೇಖ. ಹದಿನಾರು ವರ್ಷದಿಂದ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯುತ್ತಿದ್ದೇನೆ. ಬೆನ್ನು ನೇರ, ಗದ್ದ ಒಂಚೂರು ಕೆಳಗೆ, ಎರಡೂ ಕಿವಿ ಕಾಣಬೇಕು, ಅಲ್ಲಾಡಬೇಡಿ. ನಾನು ಹೀಗಂದ ಮೇಲೆ ಅಲ್ಲಾಡಿದವರು ಈ ಊರಲ್ಲಿಲ್ಲ. ಒಮ್ಮೆ ಒಬ್ಬ ಇನ್ಸ್‌ಪೆಕ್ಟರು ಮೂಗಿನ ಮೇಲೆ ನೊಣ ಕೂತರೂ ಹಾಗೇ ಕೂತಿದ್ದರು, ಪಾಪ. ಆದರೆ ಹದಿನಾರು ವರ್ಷ ಅದೇ ಬಿಳಿ ಪರದೆ, ಅದೇ ಸ್ಟೂಲು! ಹೊರಗೆ ಇಷ್ಟು ದೊಡ್ಡ ಬಯಲಿದೆ, ಕೆರೆಗಳಿವೆ, ಬಂಡೆಗುಡ್ಡಗಳಿವೆ, ನಾನು ಮಾತ್ರ ಜನರ ಕಿವಿ ಎಣಿಸುತ್ತಾ ಕೂತಿದ್ದೇನೆ ಎಂದು ಹೊಟ್ಟೆ ಉರಿಯುತ್ತಿತ್ತು.

ಅದಕ್ಕೇ ಹೋದ ವರ್ಷ ಬೋರ್ಡಿಗೆ ಒಂದು ಸಾಲು ಸೇರಿಸಿಬಿಟ್ಟೆ: 'ಪ್ರಕೃತಿ ಛಾಯಾಗ್ರಹಣಕ್ಕೆ ಕರೆದುಕೊಂಡು ಹೋಗಲಾಗುವುದು.' ಪಕ್ಕದ ಜೆರಾಕ್ಸ್ ಅಂಗಡಿಯ ಕುಪ್ಪುಸ್ವಾಮಿ ಅದನ್ನು ಎರಡು ಸಲ ಓದಿದ.

"ಏನ್ ಶಶಕ್ಕಾ, ಬೆಟ್ಟಾನೂ ಪಾಸ್‌ಪೋರ್ಟ್ ಸೈಜಲ್ಲಿ ತೆಗೀತಿಯಾ? ಎಂಟು ಕಾಪಿ ಬರ್ತದಾ?"

"ಬಾಯಿ ಮುಚ್ಕೊಂಡು ಜೆರಾಕ್ಸ್ ಮಾಡಯ್ಯಾ," ಅಂದೆ. ಆದರೂ ಒಳಗೆ ಚುರ್ ಅಂದಿತು.

ವರ್ಷವಿಡೀ ಮೂರು ಮತ್ತೊಂದು ಜನ ಬಂದರು. ಕೊನೆಗೆ ಬೆಂಗಳೂರಿನ ಒಂದು ಛಾಯಾಗ್ರಾಹಕರ ಬಳಗದಿಂದ ಫೋನ್ ಬಂತು. ಅವರು ವರ್ಷಕ್ಕೆ ಹನ್ನೆರಡು ಜಾಗದ ಪಟ್ಟಿ ಮಾಡುತ್ತಾರೆ, ತಿಂಗಳಿಗೊಂದು ಜಾಗ, ಜಾಗಕ್ಕೊಬ್ಬರು ಮಾರ್ಗದರ್ಶಕರು. ಒಂದು ತಿಂಗಳು ಖಾಲಿ ಇದೆ, ಬಳಗದ ಹಿರಿಯರಾದ ಶ್ರೀಧರ್ ಅವರೇ ಬಂದು ನೋಡುತ್ತಾರೆ ಎಂದರು. ಆ ಪಟ್ಟಿಯಲ್ಲಿ ನನ್ನ ಹೆಸರು ಬಂದರೆ ಬೋರ್ಡಿನ ಮಾತು ನಿಜವಾಗುತ್ತದೆ. ಬರದಿದ್ದರೆ ಕುಪ್ಪುಸ್ವಾಮಿಯ ಕಣ್ಣೆದುರಿಗೇ ಏಣಿ ಹತ್ತಿ ಆ ಸಾಲನ್ನು ಅಳಿಸಬೇಕು. ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಶ್ರೀಧರ್ ಸರ್ ಫೋನಿನಲ್ಲಿ ನೇರವಾಗಿ ಹೇಳಿದರು. "ಮೇಡಂ, ಸೂರ್ಯೋದಯ ಎಲ್ಲಾ ಕಡೆ ಆಗುತ್ತೆ. ನನಗೆ ಹಾವು ಬೇಕು. ಮೂವತ್ತು ವರ್ಷದಿಂದ ಒಂದೇ ಒಂದು ಹಾವು ಸಿಕ್ಕಿಲ್ಲ. ನಾನು ಹೋಗೋಷ್ಟರಲ್ಲಿ ಅದು ಹೋಗಿರುತ್ತೆ. ತೋರಿಸ್ತೀರಾ?"

"ಅದೇನ್ ಮಹಾ ಸಾರ್," ಅಂದುಬಿಟ್ಟೆ. ನನ್ನ ಬಾಯಿಗೆ ಬೆಂಕಿ ಹಾಕ.

ಬೂದಿಕೋಟೆ ಹತ್ತಿರದ ಹಳ್ಳಿಯಲ್ಲಿ ಕದಿರಮ್ಮ ಅಂತ ಇದ್ದಾಳೆ. ಅವಳ ಮಗಳ ಮದುವೆ ಆಲ್ಬಂ ಮಾಡಿಕೊಟ್ಟವಳು ನಾನೇ. ಅವಳ ಹಿತ್ತಲಿನ ಹುಲ್ಲಿನ ಮೆದೆಯಲ್ಲಿ ಹಾವು ಓಡಾಡುತ್ತದೆ ಎಂದು ಆಗಲೇ ಕೇಳಿದ್ದೆ. ಅವಳ ತವರಿನ ಮಾತು ತೆಲುಗು, ಗಂಡ ಸೊಣ್ಣಪ್ಪನದು ಕನ್ನಡ. ಇನ್ನು ನಮ್ಮ ಕಡೆಯ ನಾಲಗೆಗೆ 'ಹ' ಹತ್ತುವುದಿಲ್ಲ: ಹಾಲು ಆಲು, ಹೂವು ಊವು, ಹಾವು ಆವು. ಅಂಗಡಿಯಲ್ಲಿ ನಾನು ಹುಷಾರಾಗಿ 'ಹ' ಸೇರಿಸಿಯೇ ಮಾತಾಡುತ್ತೇನೆ. ಫೋನಿನಲ್ಲಿ, ಅದೂ ಗಡಿಬಿಡಿಯಲ್ಲಿ, ಯಾರಿಗೆ ನೆನಪಿರುತ್ತದೆ?

ಕದಿರಮ್ಮನಿಗೆ ಖುಷಿಯಾಗಲಿ ಎಂದು ತೆಲುಗಿನಲ್ಲೇ ಶುರುಮಾಡಿದೆ. "ಕದಿರಮ್ಮಾ, ಫೋಟೋಕಿ ಪೆದ್ದ ಆವು ಕಾವಾಲಿ." ತೆಲುಗಿನಲ್ಲಿ ಪೆದ್ದ ಅಂದರೆ ದೊಡ್ಡದು. ಫೋಟೋಕ್ಕೆ ದೊಡ್ಡ ಹಾವು ಬೇಕು ಅಂತ ನಾನು ಹೇಳಿದ್ದು.

"ಅಯ್ಯೋ, ಐತಲ್ಲ ಶಶಕ್ಕಾ! ಮನೆ ಇಂದೇನೇ ಐತೆ. ಯಾರು ಬತ್ತಾರೆ?"

"ಬೆಂಗಳೂರಿಂದ ದೊಡ್ಡೋರು ಬತ್ತಾರೆ. ನಾಳೆ ಬಂದ್ರೆ ಇರ್ತದಾ, ಓಗಿಬಿಡ್ತದಾ?"

"ಎಲ್ಲಿಗೋಗ್ತದೆ? ಅಗ್ಗದಾಗೆ ಕಟ್ಟಾಕಿವ್ನಿ."

ಹಾವನ್ನು ಹಗ್ಗದಲ್ಲಿ ಕಟ್ಟಿದ್ದಾಳಂತೆ! ಹಳ್ಳಿಯವರ ಎದೆಗಾರಿಕೆಯೇ ಬೇರೆ ಅಂದುಕೊಂಡೆ. "ಬಿಚ್ಚಿಬಿಡೇ ಮಾರಾಯ್ತಿ!"

"ಬಿಚ್ಚಿದ್ರೆ ಸೀದಾ ಪಕ್ಕದ ಅಮ್ಮಾಜಮ್ಮನ ಮನೆಗೆ ನುಗ್ತದೆ. ಓದ ವಾರ ಅವಳನ್ನ ಬೀದಿ ಕೊನೆಗಂಟ ಅಟ್ಟಿಸ್ಕೊಂಡೋಗಿತ್ತು."

"ಸಾರ್‌ಗೆ ಏನಾರ ಮಾಡಿಬಿಟ್ರೆ?"

"ಛೇ, ಭಾಳ ಸಾಧು. ಬಾಲದ ತಾವ ಮಾತ್ರ ನಿಂತ್ಕಬಾರ್ದು. ನಾಳೆ ಒತ್ತಾರೆನೇ ಮೈ ತೊಳೆದಿಡ್ತೀನಿ, ಪಳಪಳ ಅನ್ಲಿ."

ಹಾವಿಗೆ ಸ್ನಾನ ಮಾಡಿಸುವುದನ್ನು ನಾನು ಕೇಳಿರಲಿಲ್ಲ. ಆದರೆ ನನಗೆ ಬೇಕಿದ್ದದ್ದು ಹಾವು, ಅದರ ದಿನಚರಿಯಲ್ಲ. ಫೋನ್ ಇಟ್ಟು ಎರಡು ತುತ್ತು ಅನ್ನ ಜಾಸ್ತಿಯೇ ತಿಂದೆ.

ಮರುದಿನ ಬೆಳಗಿನ ಜಾವಕ್ಕೆ ಶ್ರೀಧರ್ ಸರ್ ಮತ್ತು ಐದು ಜನ ಟಿಟಿ ಗಾಡಿಯಲ್ಲಿ ಬಂದರು. ಸರ್ ಕಾಲಿಗೆ ಮೊಣಕಾಲುದ್ದದ ಬೂಟು, ಮೈಗೆ ಎಲೆ ಎಲೆ ಚಿತ್ರದ ಅಂಗಿ, ಹೆಗಲಲ್ಲಿ ಮಗುವಿನಷ್ಟು ತೂಕದ ಲೆನ್ಸು. ಮೊದಲು ಮೈಸೂರು ಮೈನ್ಸ್ ಕಡೆ ಹೋಗಿ, ಚಿನ್ನದ ಗಣಿಯ ಮಣ್ಣು ಸುರಿದು ಸುರಿದು ಗುಡ್ಡವಾದ ಸೈನೈಡ್ ದಿಬ್ಬದ ಹಿಂದೆ ಸೂರ್ಯ ಹುಟ್ಟುವುದನ್ನು ತೋರಿಸಿದೆ. ಐವರೂ ಆಹಾ ಅಂದರು. ಸರ್ ವಾಚು ನೋಡಿಕೊಂಡು "ಹಾವು?" ಅಂದರು.

"ಬನ್ನಿ ಸಾರ್, ಏಳು ಗಂಟೆಗೆ ರೆಡಿ ಇರುತ್ತೆ," ಅಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಕದಿರಮ್ಮನ ಮನೆ ಮುಂದೆ ರಂಗೋಲಿ ಇತ್ತು. ಬಾಗಿಲಿಗೆ ಮಾವಿನ ಸೊಪ್ಪೂ ಇತ್ತು. ಅವಳು ಮಗಳ ಮದುವೆಯ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. "ಬಿಡ್ಲಾ?" ಎಂದು ಕೇಳಿದಳು. ಶ್ರೀಧರ್ ಸರ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಹಾವಿನ ಕಣ್ಣಿನ ಮಟ್ಟಕ್ಕೆ ಇರಬೇಕೆಂದು, ಆಗತಾನೆ ಸಾರಿಸಿದ್ದ ಅಂಗಳದಲ್ಲಿ ಬೋರಲು ಮಲಗಿಬಿಟ್ಟರು. ಸಗಣಿ ಇನ್ನೂ ಹಸಿಯಾಗಿತ್ತು.

ಹಿತ್ತಲಿನ ಬಾಗಿಲು ತೆರೆಯಿತು. ಲೆನ್ಸಿನಲ್ಲಿ ಮೊದಲು ಕಂಡದ್ದು ಒಂದು ಗೊರಸು. ಆಮೇಲೆ ಇನ್ನೂ ಮೂರು.

ಹಸು! ಮೈತುಂಬ ಅರಿಶಿನ, ಹಣೆಗೆ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ, ಒಂದು ಕೋಡಿಗೆ ಕೆಂಪು ಬಣ್ಣ, ಇನ್ನೊಂದಕ್ಕೆ ನೀಲಿ. ಅದು ಬಂದು ಸರ್ ಲೆನ್ಸನ್ನು ಒಂದು ಸಲ ನೆಕ್ಕಿತು.

"ಏನೇ ಇದು ಕದಿರಮ್ಮಾ?"

"ಆವು! ಪೆದ್ದ ಆವು! ಮೀರೇ ಕದಾ ಚೆಪ್ಪಿಂದಿ?" ನೀವೇ ತಾನೆ ಹೇಳಿದ್ದು, ಅಂತ.

ತೆಲುಗಿನಲ್ಲಿ ಆವು ಅಂದರೆ ಹಸು. ಹಾವಿಗೆ ಪಾಮು ಅನ್ನುತ್ತಾರೆ. ಮೂರು ಭಾಷೆ ಬರುವ ಈ ಮಹಾತಾಯಿಗೆ ಅದು ಆಗ ನೆನಪಾಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಶ್ರೀಧರ್ ಸರ್ ಎದ್ದು ನಿಂತರು. ಎದೆಯಿಂದ ಹೊಟ್ಟೆಯವರೆಗೆ ಎಲೆ ಚಿತ್ರದ ಮೇಲೆಲ್ಲ ಸಗಣಿ. ಅವರು ಬೈದಿದ್ದರೆ ವಾಸಿಯಿತ್ತು. "ಹೊರಡೋಣ," ಅಂದರು, ಅಷ್ಟೇ. ಐವರೂ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು, ಕದಿರಮ್ಮ ಕೊಟ್ಟ ಕಾಫಿ ಹಿಡಿದು ಗೋಡೆ ಪಕ್ಕ ನಿಂತು ನಗು ತಡೆದುಕೊಳ್ಳುತ್ತಿದ್ದರು. ನನ್ನ ಬೋರ್ಡು, ಏಣಿ, ಕುಪ್ಪುಸ್ವಾಮಿ ಎಲ್ಲ ಕಣ್ಣ ಮುಂದೆ ಬಂದವು.

ಕದಿರಮ್ಮನಿಗೆ ಇದೊಂದೂ ತಿಳಿಯಲಿಲ್ಲ. "ಸಾರ್, ನಾಕ್ ಗಂಟೆಗೆ ಎದ್ದು ತೊಳ್ದಿವ್ನಿ. ಆವು ಜೊತೆ ನಿಂದೊಂದು ಫೋಟೋ ಆಗ್ಲಿ, ಗೋಡೆಗಾಕ್ತೀನಿ," ಅಂದಳು. ಅವಳ ಮುಖ ನೋಡಿ ಇಲ್ಲ ಅನ್ನಲಾಗದೆ ಸರ್ ಹೋಗಿ ಹಸುವಿನ ಪಕ್ಕ ನಿಂತರು. ನಿಂತದ್ದು ಬಾಲದ ಕಡೆ! ನಾನು ನನ್ನ ಹಳೇ ಸ್ಟುಡಿಯೋ ಕ್ಯಾಮೆರಾ ಎತ್ತಿದೆ.

ಅದೇ ಹೊತ್ತಿಗೆ ಸೊಣ್ಣಪ್ಪ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಬಂದ. ಬಂದವನೇ ಕೂಗಿದ.

"ಸಾರ್, ಆವು! ಆವು!"

"ಗೊತ್ತಾಯ್ತಪ್ಪಾ, ಆವು. ಕೋಡಿಗೆ ಬಣ್ಣಾನೂ ಬಳಿದಿದೀರಿ," ಎಂದರು ಸರ್, ತಿರುಗಿ ಕೂಡ ನೋಡದೆ.

"ಅಯ್ಯೋ ಆ ಆವಲ್ಲ! ಈ ಆವು! ಕಾಲ್ ತಾವ!"

ನಾನು ಕ್ಯಾಮೆರಾದಲ್ಲೇ ನೋಡಿದೆ. ಹುಲ್ಲಿನ ಮೆದೆಯಿಂದ ಇಳಿದು, ತೆರೆದೇ ಇದ್ದ ಹಿತ್ತಲಿನ ಬಾಗಿಲಿಂದ ಬಂದ ಕೆರೆಹಾವು, ಏಳಡಿಗೆ ಕಮ್ಮಿಯಿಲ್ಲ, ಸರ್ ಬೂಟಿನ ಮೇಲೆ ತಲೆಯಿಟ್ಟಿತ್ತು. ಕೆರೆಹಾವಿಗೆ ವಿಷವಿಲ್ಲ, ಅದು ನನಗೆ ಗೊತ್ತು. ಆದರೆ ಸರ್ ಹಾರಿದರೆ ಹಸು ಬೆದರುತ್ತದೆ, ಹಸು ಬೆದರಿದರೆ ಒದೆಯುತ್ತದೆ, ಒದ್ದರೆ ಸರ್ ಸೀದಾ ಅಮ್ಮಾಜಮ್ಮನ ಮನೆ ಅಂಗಳಕ್ಕೆ. ನನ್ನ ಬಾಯಿಂದ ಹದಿನಾರು ವರ್ಷದ ಮಾತು ತಾನಾಗಿಯೇ ಬಂತು.

"ಸಾರ್! ಬೆನ್ನು ನೇರ! ಗದ್ದ ಒಂಚೂರು ಕೆಳಗೆ! ಎರಡೂ ಕಿವಿ ಕಾಣ್ಬೇಕು! ಅಲ್ಲಾಡ್ಬೇಡಿ!"

ಸರ್ ಕಂಬದ ಹಾಗೆ ನಿಂತರು. ಹಸುವೂ ಅಲ್ಲಾಡಲಿಲ್ಲ, ನನ್ನಾಣೆ. ಹಾವು ಒಂದು ಬೂಟು ಹತ್ತಿತು, ಇಳಿಯಿತು, ಇನ್ನೊಂದು ಬೂಟು ಹತ್ತಿತು. ನಾನು ಕ್ಲಿಕ್ ಮಾಡುತ್ತಲೇ ಇದ್ದೆ. ಗೋಡೆ ಪಕ್ಕದ ಐವರ ಕೈಯಲ್ಲಿ ಕಾಫಿ ಲೋಟ ಮಾತ್ರ ಇತ್ತು. ಅವರು ಚೀಲದ ಜಿಪ್ಪು ಎಳೆಯುವಷ್ಟರಲ್ಲಿ ಹಾವು ಬೇಲಿ ದಾಟಿತ್ತು.

"ಆಯ್ತಾ?" ಎಂದರು ಸರ್, ತುಟಿ ಅಲ್ಲಾಡಿಸದೆ.

"ಆಯ್ತು ಸಾರ್, ಏಳಬಹುದು," ಅಂದೆ, ಅವರು ನಿಂತೇ ಇದ್ದರೂ.

ಫೋಟೋ ತೋರಿಸಿದೆ. ಸರ್ ಅದನ್ನು ನೋಡಿ, ತಮ್ಮ ಬೂಟು ನೋಡಿ, ಮತ್ತೆ ಫೋಟೋ ನೋಡಿ ಜಗಲಿಯ ಮೇಲೆ ಮೆಲ್ಲಗೆ ಕೂತರು. "ಮೂವತ್ತು ವರ್ಷ," ಎಂದರು. "ಮೂವತ್ತು ವರ್ಷ ಆದ್ಮೇಲೆ ಸಿಕ್ತು, ಇವತ್ತೂ ನಾನು ನೋಡ್ಲಿಲ್ಲ." ಆಮೇಲೆ ಪಟ್ಟಿಯ ಸುದ್ದಿಯನ್ನೇ ಎತ್ತದೆ ಗಾಡಿ ಹತ್ತಿದರು. ನಾನು ಮನೆಗೆ ಬಂದು ಏಣಿ ಎಲ್ಲಿದೆ ಎಂದು ನೋಡಿಟ್ಟುಕೊಂಡೆ.

ಎಂಟು ದಿನಕ್ಕೆ ಪಟ್ಟಿ ಬಂತು. ಕುಪ್ಪುಸ್ವಾಮಿಯೇ ಅದನ್ನು ಪ್ರಿಂಟ್ ತೆಗೆದು ಗಟ್ಟಿಯಾಗಿ ಓದಿದ. "ಜನವರಿ: ಬೂದಿಕೋಟೆ. ಮಾರ್ಗದರ್ಶಕಿ: ಶಶಿರೇಖ. ಸೂಚನೆ: ಅವರು ಅಲ್ಲಾಡಬೇಡಿ ಎಂದರೆ ಅಲ್ಲಾಡಬೇಡಿ." ಕೆಳಗೆ ನಾನು ತೆಗೆದ ಫೋಟೋ. ಸಗಣಿಯಂಗಿಯ ಸರ್, ಗದ್ದ ಒಂಚೂರು ಕೆಳಗೆ, ಎರಡೂ ಕಿವಿ ಸ್ಪಷ್ಟ, ಬೂಟಿನ ಮೇಲೆ ಹಾವು. ನಾನು ಬೇಸತ್ತು ಬೇಸತ್ತು ಬೈದುಕೊಂಡ ಆ ಹಾಳು ಪಾಸ್‌ಪೋರ್ಟ್ ಕಸುಬೇ ನನ್ನ ಕೈ ಹಿಡಿದಿತ್ತು. ಅಂಗಡಿ ಬಾಗಿಲಲ್ಲೇ ಗೊಳೋ ಎಂದು ಅತ್ತುಬಿಟ್ಟೆ.

"ಎಂಟು ಕಾಪಿ ಮಾಡ್ಲಾ ಅಕ್ಕಾ?" ಎಂದ ಕುಪ್ಪುಸ್ವಾಮಿ. ಈ ಸಲ ಅವನು ಹಂಗಿಸುತ್ತಿರಲಿಲ್ಲ.

"ಮಾಡಯ್ಯಾ," ಅಂದೆ.

ಜನವರಿಯಲ್ಲಿ ಬರುವವರು ಪಕ್ಷಿ ಹುಡುಕುವವರು, ಇಪ್ಪತ್ತು ಜನ. ಕೂಡಲೇ ಕದಿರಮ್ಮನಿಗೆ ಫೋನ್ ಮಾಡಿದೆ. ಈ ಸಲ ತೆಲುಗಿನ ಗೋಜಿಗೇ ಹೋಗಲಿಲ್ಲ, ಅಚ್ಚ ಕನ್ನಡದಲ್ಲೇ ಹೇಳಿದೆ. "ಕದಿರಮ್ಮಾ, ಇಪ್ಪತ್ ಜನ ಬತ್ತಾವ್ರೆ. ಈ ಸಲ ಆವು ಬ್ಯಾಡ. ಅಕ್ಕಿ ಬೇಕು."

"ಅಷ್ಟೇ ತಾನೆ ಶಶಕ್ಕಾ?" ಎಂದಳು ಕದಿರಮ್ಮ. "ಒಸ ಅಕ್ಕಿ ಐತೆ, ಮಲ್ಲಿಗೆ ಊವಿನಂಗೈತೆ. ಇಪ್ಪತ್ ಜನಕ್ಕೆ ನಾಕ್ ಸೇರು ತೊಳೆದಿಡ್ಲಾ?"