ಸಿಹಿ ಗಿರಾಕಿ

ಲಿಫ್ಟ್ ರಿಪೇರಿ ಕಂಪನಿಯ ಮೆಸೇಜು ವಿಭಾಗದಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎನ್ನುತ್ತಿದ್ದರು. ಆ ಕೋಣೆಯಲ್ಲಿ ಮದುವೆಯಾದವಳು ಅವಳೊಬ್ಬಳೇ. ಕೋಣೆಗೆ ಕಿಟಕಿ ಇರಲಿಲ್ಲ. ಒದ್ದೆ ಕಾರ್ಪೆಟ್ಟಿನ ಮುಗ್ಗಲು ವಾಸನೆ ಮುಚ್ಚಲೆಂದು ಮೂಲೆಯಲ್ಲಿದ್ದ ಯಂತ್ರ ಆಗಾಗ ಗುಲಾಬಿ ಸೆಂಟು ಉಗುಳುತ್ತಿತ್ತು. ಎರಡೂ ವಾಸನೆ ಬೆರೆತು, ಕುಡಿದ ಚಹಾ ಗಂಟಲಿಗೆ ಬರುತ್ತಿತ್ತು.

ಈ ಕಂಪನಿಗೆ ಗಿರಾಕಿಗಳು ಫೋನು ಮಾಡುವ ಹಾಗಿರಲಿಲ್ಲ, ಮೆಸೇಜೇ ಕಳಿಸಬೇಕು. ಉತ್ತರಗಳು ಮೊದಲೇ ತಯಾರಾಗಿದ್ದವು. ‘ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ’, ‘ನಾವು ಸದಾ ನಿಮ್ಮ ಜೊತೆಗಿದ್ದೇವೆ’, ಕೊನೆಗೊಂದು ಹಲ್ಲು ಕಿರಿಯುವ ಹಳದಿ ಮುಖ. ಒತ್ತಿದರೆ ಮುಗಿಯಿತು. ಗಿರಾಕಿ ತಿರುಗಿ ಧನ್ಯವಾದ ಎಂದನೋ, ಅವನಿಗೆ ತೃಪ್ತಿಯಾಯಿತೆಂದು ಕಂಪ್ಯೂಟರು ತಾನೇ ತೀರ್ಮಾನಿಸಿ, ದೂರಿಗೆ ಹಸಿರು ಬಳಿದು ಮುಚ್ಚಿಬಿಡುತ್ತಿತ್ತು. ಲಿಫ್ಟು ಮೇಲೆ ಹೋಯಿತೋ ಇಲ್ಲವೋ, ಯಾರಿಗೆ ಬೇಕು? ಮುಚ್ಚಿದ ದೂರು ಮೆಕ್ಯಾನಿಕ್ಕಿನ ಕಣ್ಣಿಗೂ ಬೀಳುತ್ತಿರಲಿಲ್ಲ. ಬೈದವರ ದೂರು ಮಾತ್ರ ಕೆಂಪಾಗಿ ನೇರ ಅವನ ಹತ್ತಿರ ಹೋಗುತ್ತಿತ್ತು. ಹೀಗಾಗಿ ವಿನಯವಂತರೆಂದರೆ ಆ ಹುಡುಗಿಯರಿಗೆ ಪಂಚಪ್ರಾಣ. ಅವರಿಗೆ ಸಿಹಿ ಗಿರಾಕಿ ಎಂದು ಹೆಸರಿಟ್ಟು, “ಈ ಸಿಹಿ ನನಗಿರಲಿ ಕಣೇ” ಎಂದು ಹಂಚಿಕೊಳ್ಳುತ್ತಿದ್ದರು.

ಅತ್ತಿಗೆಯ ಪಾಲಿಗೆ ಬಂದ ಸಿಹಿ, ಐದನೇ ಮಹಡಿಯ ಒಬ್ಬ ಅಜ್ಜ. ಒಂದು ಕಾಲದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಅವನ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ತಪ್ಪದೆ ಆಸ್ಪತ್ರೆಗೆ ಬಂದು ವ್ಯಾಯಾಮ ಮಾಡಿಸದಿದ್ದರೆ ಕೀಲು ಬಿಗಿದುಕೊಂಡು ಕಾಲು ಮತ್ತೆ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವಳು ಮನೆಗೆ ಬಂದ ವಾರವೇ ಲಿಫ್ಟು ಕೆಟ್ಟು ನಿಂತಿತು.

‘ಇವತ್ತೂ ಹೋಗಕ್ಕಾಗ್ಲಿಲ್ಲ ತಾಯಿ. ಪಕ್ಕದ ಮನೆಯವರು ಕುರ್ಚಿ ಸಮೇತ ಎತ್ತಿ ಇಳಿಸೋಕೆ ನೋಡಿದ್ರು. ಒಂದು ಮಹಡಿ ಇಳಿಯೋದ್ರಲ್ಲೇ ಕೈ ಜಾರಿತು, ಅವಳು ಹೆದರಿಬಿಟ್ಟಳು. ದಯವಿಟ್ಟು ಬೇಗ ನೋಡಿ. ತಕ್ಷಣ ಉತ್ತರ ಕೊಡ್ತೀರಲ್ಲ, ಧನ್ಯವಾದ.’

ಪರದೆ ಹಸಿರಾಯಿತು. ಅತ್ತಿಗೆ ಮುಂದಿನ ಮೆಸೇಜಿಗೆ ಹೋದಳು. ಅಜ್ಜ ಮತ್ತೆ ಬರೆದ, ಮತ್ತೆ ಹಸಿರಾಯಿತು, ಅವಳು ಮತ್ತೆ ಮುಂದೆ ಹೋದಳು. ಹಸಿರು ಕಡಿಮೆಯಾದವರ ಕುರ್ಚಿ ತಿಂಗಳ ಕೊನೆಗೆ ಖಾಲಿಯಾಗುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಒಂದು ಬೆಳಿಗ್ಗೆ ಬಂದು ನೋಡಿದರೆ ಎದುರು ಗೋಡೆಯ ತುಂಬ ಹೊಸ ಪೋಸ್ಟರು. ‘ತಕ್ಷಣ ಉತ್ತರ ಕೊಡ್ತೀರಲ್ಲ, ಧನ್ಯವಾದ’. ಕೆಳಗೆ, ‘ಸಂತುಷ್ಟ ಗಿರಾಕಿಯ ಮನದಾಳದ ಮಾತು’. ಅದನ್ನು ಅಂಟಿಸಿ, ದೂರ ನಿಂತು ಕಣ್ತುಂಬಿಕೊಳ್ಳುತ್ತಿದ್ದವನು ಮ್ಯಾನೇಜರ್.

“ಸಾರ್, ಇದರ ಹಿಂದಿನ ಮಾತೆಲ್ಲ ಎಲ್ಲಿ ಹೋಯ್ತು?” ಅತ್ತಿಗೆ ಕೇಳಿದಳು. “ಆ ಲಿಫ್ಟ್ ಇನ್ನೂ ಕೆಟ್ಟೇ ನಿಂತಿದೆ. ಆ ಅಜ್ಜಿ ಆಸ್ಪತ್ರೆ ಮುಖ ನೋಡಿಲ್ಲ.”

ಮ್ಯಾನೇಜರ್ ಹಲ್ಲಿನ ಸಂದಿಗೆ ಸಿಕ್ಕಿದ್ದನ್ನು ಉಗುರಿನಿಂದ ಕೆದಕಿ ತೆಗೆದು, ಏನೆಂದು ನೋಡಿದ. “ಗಿರಾಕಿಗೆ ಬೇಕಾಗಿರೋದು ಲಿಫ್ಟ್ ಅಲ್ಲಮ್ಮ. ತನ್ನ ಮಾತು ಕೇಳೋರು ಒಬ್ರಿದ್ದಾರೆ ಅನ್ನೋ ಸಮಾಧಾನ. ಅದನ್ನ ನೀನು ಕೊಟ್ಟಿದೀಯ. ಶಭಾಷ್.” ಹಾಗೆಂದು ಅದೇ ಬೆರಳುಗಳಿಂದ ಅವಳ ಭುಜ ತಟ್ಟಿದ.

ಅವಳಿಗೆ ಮೈಯೆಲ್ಲ ಹೇಸಿಗೆ ಮೆತ್ತಿದ ಹಾಗಾಯಿತು. ಬಚ್ಚಲಿಗೆ ಹೋಗಿ ಭುಜ ತೊಳೆದಳು, ಬಟ್ಟೆ ಒದ್ದೆಯಾದರೂ ಬಿಡದೆ ಉಜ್ಜಿದಳು. ಆಮೇಲೆ ತನ್ನ ಸ್ವಂತ ಫೋನಿನಿಂದ ಅಜ್ಜನಿಗೆ ಬರೆದಳು: ‘ನಾನು ಕಂಪನಿಯ ಮೆಸೇಜು ಹುಡುಗಿ. ಇನ್ನು ಧನ್ಯವಾದ ಅನ್ನಬೇಡಿ ಅಜ್ಜ. ಬಾಯಿಗೆ ಬಂದ ಹಾಗೆ ಬೈಯಿರಿ. ಬೈದರೇನೇ ಮೆಕ್ಯಾನಿಕ್ ಬರೋದು.’

ಉತ್ತರ ಬಂತು: ‘ಬೈಯೋದು ನನಗೆ ಬರಲ್ಲ ತಾಯಿ. ನಮ್ಮವಳಿಗೆ ಚೆನ್ನಾಗಿ ಬರುತ್ತೆ. ಫೋನು ಅವಳ ಕೈಗೆ ಕೊಡ್ತೀನಿ.’

ಅಜ್ಜಿ ಕಂಪನಿಯ ಜನ್ಮ ಜಾಲಾಡಿಬಿಟ್ಟಳು. ಹಲ್ಲು ಕಿರಿಯೋ ಆ ಹಳದಿ ಮೂತಿಯನ್ನ ಊರುಗೋಲಲ್ಲಿ ಜಜ್ಜಿ ಚಟ್ನಿ ಮಾಡ್ತೀನಿ ಎಂದಳು. ನಿಮ್ಮ ಯಜಮಾನನ್ನ ನಿಮ್ಮದೇ ಲಿಫ್ಟಲ್ಲಿ ಕೂಡಿಹಾಕಿ ಬೀಗ ಜಡೀತೀನಿ ಎಂದಳು. ಉಳಿದದ್ದು ಬರೆಯುವಂಥದ್ದಲ್ಲ. ಪರದೆ ಕೆಂಪಾಯಿತು, ಮಧ್ಯಾಹ್ನವೇ ಮೆಕ್ಯಾನಿಕ್ ಹೋದ. ಬೇಕಾಗಿದ್ದದ್ದು ಒಂದು ಸಣ್ಣ ಸ್ವಿಚ್ಚು, ಅದು ಮೊದಲಿನಿಂದ ಗೋದಾಮಿನಲ್ಲೇ ಬಿದ್ದಿತ್ತು. ಅವತ್ತು ಸಂಜೆ ಅತ್ತಿಗೆ ಅಜ್ಜಿಯ ಬೈಗುಳವನ್ನು ಗಂಡನಿಗೆ ಓದಿ ಹೇಳಿದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂತೂ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಅವಳಿಗೆ ಹೆಮ್ಮೆಯೂ ಆಯಿತು.

ಆ ವಾರದ ಕೊನೆಗೆ ಅವಳ ಸ್ವಂತ ಫೋನಿಗೆ ಮೆಸೇಜು ಬಂತು.

‘ನಾನು ಅಜ್ಜಿ. ಆಸ್ಪತ್ರೆಗೆ ಹೋಗಿದ್ವಿ. ತಡ ಆಗಿಹೋಯ್ತಂತೆ. ಕಾಲು ಇನ್ನು ಹೀಗೇ ಅಂತೆ, ಮಡಚಲ್ಲ. ಒಂದು ಮಾತು ಕೇಳ್ತೀನಿ ಕಣಮ್ಮ. ಬೈದ್ರೆ ಮಾತ್ರ ಬರ್ತಾರೆ ಅನ್ನೋದು ನಿನಗೆ ಯಾವಾಗಿಂದ ಗೊತ್ತಿತ್ತು?’

ಅತ್ತಿಗೆಯ ಬೆರಳುಗಳು ತಮ್ಮ ಪಾಡಿಗೆ ತಾವು ಬರೆದವು: ‘ನಿಮ್ಮ ಕಷ್ಟ ನಮಗೆ ಅರ್ಥ’. ಈ ಸಲ ಅಸಹ್ಯ ಹುಟ್ಟಿದ್ದು ಮ್ಯಾನೇಜರ್ ಮೇಲಲ್ಲ, ತನ್ನದೇ ಬೆರಳುಗಳ ಮೇಲೆ. ಅಳಿಸಿದಳು. ‘ಕೆಲಸಕ್ಕೆ ಸೇರಿದ ದಿನದಿಂದ’ ಎಂದು ಬರೆದು ಕಳಿಸಿದಳು.

ಅಜ್ಜಿ ಅದನ್ನು ಓದಿದಳೆಂದು ಫೋನು ತೋರಿಸಿತು. ಇನ್ನೇನು ಬೈಗುಳ ಬರುತ್ತದೆ ಎಂದು ಅತ್ತಿಗೆ ಕಾದಳು. ಬರಲಿ ಎಂದು ಬೇಡಿಕೊಂಡಳು. ಅಜ್ಜಿ ಏನೂ ಬರೆಯಲಿಲ್ಲ.