ಟೈಲರ್ ಮಾಸ್ಟರನ್ನು ಎಬ್ಬಿಸುವ ರೀತಿ

ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿದ ಟೈಲರ್ ಮಾಸ್ಟರು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಮನೆಮನೆಗೆ ಹೋಗಿ ರೋಗಿಗಳ ಆರೈಕೆ ಮಾಡುವ ದೊಡ್ಡಕ್ಕ ದಿನಾ ಬೆಳಿಗ್ಗೆ ಬಂದು ಅವರನ್ನು ಎಬ್ಬಿಸುತ್ತಿದ್ದಳು. ಸೋತ ಎಡಗೈ ಹಿಡಿದು, ಕಂಕುಳಿಗೆ ಕೈ ಕೊಟ್ಟು, "ಏಳಿ ಮಾಸ್ಟ್ರೇ" ಎಂದು ಒಂದೇ ಏಟಿಗೆ ಎಳೆದು ಕೂರಿಸುವಳು. ಮಾಸ್ಟರು ಬೀದಿಗೆಲ್ಲ ಕೇಳುವಂತೆ ಕೂಗುವರು. ನಾಲಿಗೆ ತೊದಲುತ್ತಿದ್ದುದರಿಂದ ಆ ಹೊತ್ತಿಗೆ ಬೇರೆ ಮಾತು ಹೊರಡುತ್ತಿರಲಿಲ್ಲ.

"ಹಟ ಇವರಿಗೆ" ಎನ್ನುವಳು ದೊಡ್ಡಕ್ಕ.

"ಮೊದಲಿಂದ್ಲೂ ಹಾಗೇ ಕಣಕ್ಕ. ಬೆಳಿಗ್ಗೆ ಏಳೋದು ಅಂದ್ರೆ ಇವರಿಗೆ ಜೀವ ಹೋಗುತ್ತೆ" ಎಂದು ಮಾಸ್ಟರ ಹೆಂಡತಿ ಅಡುಗೆಮನೆಯಿಂದಲೇ ದನಿಗೂಡಿಸುವರು.

ಮಾಸ್ಟರಿಗೆ ಇದ್ದದ್ದು ಒಂದೇ ಆಸೆ, ಮತ್ತೆ ಹೊಲಿಗೆ ಮಿಷನ್ನಿನ ಮುಂದೆ ಕೂರಬೇಕು. ಎಡಗೈ ಬಟ್ಟೆ ಹಿಡಿದುಕೊಂಡರೆ ಸಾಕು, ಉಳಿದದ್ದು ಬಲಗೈ ನೋಡಿಕೊಳ್ಳುತ್ತದೆ. ಆದರೆ ಎಡಭುಜದ ನೋವು ದಿನೇದಿನೇ ಹೆಚ್ಚಿ, ಆ ಕೈ ಮುಟ್ಟಲೂ ಅವರು ಬಿಡದಂತಾದರು.

ಅಷ್ಟರಲ್ಲಿ ಆರೋಗ್ಯ ಕೇಂದ್ರದಿಂದ ಕರೆ ಬಂತು. ಲಕ್ವ ಹೊಡೆದವರನ್ನು ನೋಡಿಕೊಳ್ಳುವ ನರ್ಸುಗಳಿಗೂ ಆರೈಕೆಯವರಿಗೂ ತರಬೇತಿಯಂತೆ. ದೊಡ್ಡಕ್ಕ ಮೂಗು ಮುರಿದಳು.

"ತಲೆ ನರೆಯೋವರೆಗೂ ಜನರನ್ನ ಎತ್ತಿದ್ದೀನಿ. ಈಗ ಮೀನಿಗೆ ಈಜು ಕಲಿಸ್ತಾರಂತೆ!"

"ಬಾರೇ, ಊಟನಾದ್ರೂ ಸಿಗುತ್ತೆ" ಎಂದು ಗೆಳತಿ ನರ್ಸು ಎಳೆದುಕೊಂಡು ಹೋದಳು.

ಅಲ್ಲಿ ಕೈಕಾಲಿನ ವ್ಯಾಯಾಮ ಕಲಿಸುವ ಫಿಸಿಯೋ ಮೇಡಂ ಭಾಷಣ ಬಿಗಿಯಲಿಲ್ಲ. ದೊಡ್ಡಕ್ಕನನ್ನೇ ಮಂಚದ ಮೇಲೆ ಮಲಗಿಸಿದರು.

"ನಿಮಗೆ ಲಕ್ವ ಹೊಡೆದಿದೆ ಅಂದ್ಕೊಳ್ಳಿ. ಎಡಗೈಗೆ ಬಲ ಇಲ್ಲ, ಬಾಯಿಗೆ ಮಾತಿಲ್ಲ. ಸಿಸ್ಟರ್, ದಿನಾ ಎಬ್ಬಿಸೋ ಹಾಗೇ ಎಬ್ಬಿಸಿ. ಆದ್ರೆ ಮೆಲ್ಲಗೆ."

ಗೆಳತಿ ಮೆಲ್ಲಗೆ ಎಳೆದರೂ ದೊಡ್ಡಕ್ಕನ ಭುಜ ಚಳುಕ್ ಎಂದಿತು. "ಅಯ್ಯಯ್ಯೋ, ನೋಯುತ್ತೆ ಕಣೇ!"

"ನೀವು ಮಾತಾಡೋ ಹಾಗಿಲ್ಲ" ಎಂದರು ಮೇಡಂ.

"ಮತ್ತೆ ನೋವಾಗ್ತಿದೆ ಅಂತ ಹೇಳೋದು ಹೇಗೆ? ಕೂಗ್ಕೋಬೇಕಾ?"

ಎಲ್ಲರೂ ಗೊಳ್ಳೆಂದು ನಕ್ಕರು. ದೊಡ್ಡಕ್ಕನಿಗೆ ಮಾತ್ರ ಮಾಸ್ಟರ ಕೂಗು ನೆನಪಾಯಿತು. ಎದ್ದು ಕೂತು ಮೇಡಂಗೆ ಅವರ ವಿಷಯ ಹೇಳಿದಳು.

ಮೇಡಂ ಹೇಳಿದರು: "ಸೋತ ತೋಳಿಗೆ ಭುಜದ ಕೀಲನ್ನ ಹಿಡಿದಿಡೋ ಬಲ ಇರಲ್ಲ. ಎಳೆದ್ರೆ ಪೆಟ್ಟಾಗುತ್ತೆ. ನೋವಿಗೆ ಹೆದರಿ ಅವರು ಕೈ ಆಡಿಸೋದನ್ನೇ ಬಿಡ್ತಾರೆ. ಆಮೇಲೆ ಚೇತರಿಸಿಕೊಳ್ಳಬಹುದಾದ ಕೈಯೂ ಹಿಂದೆ ಬೀಳುತ್ತೆ. ಅವರ ಕೈಲಾದಷ್ಟು ಅವರೇ ಏಳ್ಲಿ. ನೀವು ಆಸರೆ ಕೊಡಿ, ಸಾಕು."

ಹೆಂಡತಿ ಸಂತೆಗೆ ಹೋಗಿದ್ದ ಹೊತ್ತಿನಲ್ಲಿ ಮೇಡಂ ಮಾಸ್ಟರ ಮನೆಗೂ ಬಂದು ಭುಜ ಪರೀಕ್ಷಿಸಿ, ಅವರಿಗೆ ಹೊಂದುವ ರೀತಿಯನ್ನು ದೊಡ್ಡಕ್ಕನಿಗೆ ತೋರಿಸಿಕೊಟ್ಟರು. ಮರುದಿನ ಬೆಳಿಗ್ಗೆ ದೊಡ್ಡಕ್ಕ ಮಂಚದ ಪಕ್ಕ ಕೂತು, "ತಪ್ಪಾಯ್ತು ಮಾಸ್ಟ್ರೇ, ಹಟ ನಿಮ್ಮದಲ್ಲ, ನನ್ನದು" ಎಂದಳು. ಆಮೇಲೆ ಅವರ ಮಂಡಿ ಮಡಿಸಿ, ಎಡತೋಳಿಗೆ ಕೆಳಗಿನಿಂದ ಆಸರೆ ಕೊಟ್ಟು, ಬಲಮಗ್ಗುಲಿಗೆ ಹೊರಳಿಸಿದಳು. ಕಾಲು ಕೆಳಗಿಳಿಸಿ, ಬೆನ್ನಿಗೆ ಅಂಗೈ ಇಟ್ಟಳು. ಮಾಸ್ಟರು ಬಲ ಮೊಣಕೈ ಊರಿ ಏಳತೊಡಗಿದರು.

ಅಡುಗೆಮನೆಯಿಂದ ಹೆಂಡತಿ ಓಡಿಬಂದರು. "ಏನಾಯ್ತಕ್ಕಾ? ಇವರ ಸದ್ದೇ ಇಲ್ಲ! ಅಯ್ಯೋ, ಇವರನ್ನ ಒದ್ದಾಡಿಸಿ ನೀನು ನೋಡ್ತಾ ಕೂತಿದ್ದೀಯಾ? ಒಂದೇ ಏಟಿಗೆ ಎಬ್ಬಿಸ್ತಿದ್ದೆಯಲ್ಲ?"

ಮಾಸ್ಟರು ನೆಟ್ಟಗೆ ಕೂತು ಉಸಿರು ಬಿಟ್ಟರು. "ನೀನು... ಸುಮ್ನಿರೇ. ನೋ... ನೋವಾಗ್ಲಿಲ್ಲ."

ಹೆಂಡತಿ ಬಂದು ಗಂಡನ ಪಕ್ಕ ಕೂತರು. "ಅಂದ್ರೆ ಇಷ್ಟು ದಿನ ಕೂಗ್ತಿದ್ದಿದ್ದು ನೋವಿಗಾ? ನಾನೂ ಗೊತ್ತಾಗದೆ ಆಡಿಕೊಂಡೆನಲ್ಲ." ಕಣ್ಣೊರೆಸಿಕೊಂಡು, "ನಂಗೂ ಹೇಳಿಕೊಡಕ್ಕ. ನೀನು ಬರದಿದ್ದಾಗ ನಾನೇ ತಾನೇ ಎಬ್ಬಿಸಬೇಕು?" ಎಂದರು.

ಕೈ ಎಷ್ಟು ಮರಳುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಆದರೆ ಮಾಸ್ಟರು ಈಗ ಆ ಕೈ ಮುಟ್ಟಲು ಬಿಡುತ್ತಾರೆ.

ನರ್ಸುಗಳೇ, ಆರೈಕೆ ಮಾಡುವ ಅಕ್ಕ-ಅಣ್ಣಂದಿರೇ, ಮನೆಯವರೇ, ಲಕ್ವ ಹೊಡೆದವರ ಸೋತ ಕೈ ಹಿಡಿದು ಎಳೆಯಬೇಡಿ. ಅವರನ್ನು ಎಬ್ಬಿಸುವುದೂ ಕಲಿಯಬೇಕಾದ ಕೆಲಸವೇ. ತರಬೇತಿ ಇದೆ ಎಂದರೆ ಹೋಗಿ, ಇಲ್ಲದಿದ್ದರೆ ಫಿಸಿಯೋ ಅವರನ್ನು ಕೇಳಿ ಕಲಿಯಿರಿ. ಮಾತು ಬಾರದವರು ಕೂಗಿಕೊಂಡರೆ ಹಟ ಎನ್ನಬೇಡಿ, ಎಲ್ಲಿ ನೋಯುತ್ತಿದೆ ಎಂದು ಕೇಳಿ, ಕೈಯಿಂದ ತೋರಿಸಲು ಹೇಳಿ.